ಬ್ಯಾಟರಿ ಬೆಚ್ಚಗೆ, ಕ್ಯಾಮೆರಾ ತಣ್ಣಗೆ: ಚಳಿಗಾಲದ ಸ್ಪಿತಿಯಲ್ಲಿ ಬೆಟ್ಟಗಳ ಫೋಟೊ ತೆಗೆಯುವ ಬಗೆ

ಜನವರಿ ಕೊನೆಯ ವಾರ, ಬೆಳಗಿನ ಆರೂವರೆ ಗಂಟೆಗೆ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಾಜಾದಲ್ಲಿ ಮೈನಸ್ 20 ಡಿಗ್ರಿ ಇರುವುದು ಅಪರೂಪವೇನಲ್ಲ. ಅಲ್ಲಿಂದ ಮೇಲಿರುವ ಕಿಬ್ಬರ್‌ನಲ್ಲಿ ಚಳಿ ಇನ್ನೂ ಹೆಚ್ಚು. ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ತಾಪಮಾನ 0ಯಿಂದ 40 ಡಿಗ್ರಿ ಎಂದು ಬರೆದಿರುತ್ತದೆ. ಅದನ್ನು ಓದಿ ಹೆದರಬೇಕಾಗಿಲ್ಲ. ಮೈನಸ್ 20ರಲ್ಲೂ ಕ್ಯಾಮೆರಾ ನಡೆಯುತ್ತದೆ. ಮೊದಲು ಕೈಕೊಡುವುದು ಬ್ಯಾಟರಿ, ಆಮೇಲೆ ನಿಮ್ಮ ಬೆರಳು. ಕ್ಯಾಮೆರಾ ಕೆಡುವುದು ಕೊನೆಗೆ, ಅದೂ ಹೊರಗಿನ ಚಳಿಯಲ್ಲಲ್ಲ, ಬೆಚ್ಚಗಿನ ಕೋಣೆಗೆ ಕಾಲಿಟ್ಟ ಮೇಲೆ. ಈ ಮೂರನ್ನು ಸಂಭಾಳಿಸಿಕೊಂಡರೆ ಉಳಿದದ್ದು ಬೆಳಕಿನ ಲೆಕ್ಕ.

ಹಿಮಚಿರತೆಗಾಗಿ ಕಿಬ್ಬರ್‌ಗೆ ಹೋಗುವ ಕನ್ನಡಿಗರು ಈಗ ಸಾಕಷ್ಟಿದ್ದಾರೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಆ ಊರಿನ ಸುತ್ತ ಹಿಮಚಿರತೆ ಸಂರಕ್ಷಣೆಯ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿದೆ. ಆದರೆ ಈ ಲೇಖನ ಚಿರತೆಯ ಹಿಂದೆ ಇರುವ ಬೆಟ್ಟದ ಬಗ್ಗೆ.

ದಾರಿ ಮತ್ತು ದಿನಗಳ ಲೆಕ್ಕ

ಬಹಳ ಮಂದಿ ಮಾಡುವ ತಪ್ಪು ಒಂದಿದೆ. ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಮನಾಲಿಯಿಂದ ಚಳಿಗಾಲದಲ್ಲೂ ಕಾಜಾಕ್ಕೆ ಹೋಗಬಹುದು ಎಂದುಕೊಳ್ಳುತ್ತಾರೆ. ಸುರಂಗ ನಿಮ್ಮನ್ನು ಲಾಹೌಲ್‌ಗೆ ಮುಟ್ಟಿಸುತ್ತದೆ. ಅಲ್ಲಿಂದ ಸ್ಪಿತಿಗೆ ದಾಟಲು 4,500 ಮೀಟರ್‌ಗೂ ಎತ್ತರದ ಕುಂಜುಂ ಪಾಸ್ ಇದೆ, ಅದು ಚಳಿಗಾಲವಿಡೀ ಹಿಮದಲ್ಲಿ ಮುಚ್ಚಿರುತ್ತದೆ. ತೆರೆದಿರುವ ದಾರಿ ಶಿಮ್ಲಾ, ರಾಂಪುರ, ರೆಕಾಂಗ್ ಪಿಯೊ, ನಾಕೊ, ತಾಬೊ ಮೂಲಕ ಕಾಜಾಕ್ಕೆ ಬರುವ ಕಿನ್ನೌರ್ ರಸ್ತೆ ಒಂದೇ.

ಈ ಉದ್ದದ ದಾರಿಯಿಂದ ಒಂದು ಉಪಕಾರವೂ ಇದೆ. ಶಿಮ್ಲಾ ಸುಮಾರು 2,200 ಮೀಟರ್, ರೆಕಾಂಗ್ ಪಿಯೊ ಮೇಲಿರುವ ಕಲ್ಪಾ 2,900 ದಾಟುತ್ತದೆ, ತಾಬೊ 3,300ರ ಹತ್ತಿರ, ಕಾಜಾ 3,600ಕ್ಕೂ ಮೇಲೆ. ಹೀಗೆ ಮೆಟ್ಟಿಲು ಹತ್ತಿದ ಹಾಗೆ ಹತ್ತಿದರೆ ದೇಹ ಹೊಂದಿಕೊಳ್ಳುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರದಿರಲಿ. ಕಾಜಾದಲ್ಲಿ ಎರಡು ರಾತ್ರಿ ಕಳೆದ ಮೇಲೆ ಕಿಬ್ಬರ್, ಲಾಂಗ್ಜಾಗಳಲ್ಲಿ ಉಳಿಯುವುದು ಒಳ್ಳೆಯದು. 4,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 60 ಮಾತ್ರ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಂಡರೆ ಇನ್ನೂ ಮೇಲೆ ಹೋಗಬೇಡಿ. ನಡೆಯುವಾಗ ತೂರಾಡತೊಡಗಿದರೆ, ಕೂತಲ್ಲೂ ಏದುಸಿರು ಬಂದರೆ ಆ ಹೊತ್ತಿಗೇ ಕೆಳಗಿಳಿಸಬೇಕು. ಎತ್ತರದ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಯ ವಿಷಯ ಊರಿನಲ್ಲೇ ವೈದ್ಯರನ್ನು ಕೇಳಿಕೊಂಡು ಹೊರಡಿ.

ಬೆಂಗಳೂರಿನಿಂದ ಚಂಡೀಗಡಕ್ಕೆ ವಿಮಾನದಲ್ಲಿ ಹೋಗುವುದಾದರೆ ಹೆಚ್ಚುವರಿ ಬ್ಯಾಟರಿಗಳು, ಪವರ್ ಬ್ಯಾಂಕ್ ಎಲ್ಲ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿರಲಿ, ಅಂದರೆ ಹೆಚ್ಚೂಕಡಿಮೆ 27,000 ಎಂಎಎಚ್. ವಿದೇಶಿ ಪಾಸ್‌ಪೋರ್ಟ್ ಇರುವ ಅನಿವಾಸಿ ಕನ್ನಡಿಗರು ಕಿನ್ನೌರ್‌ನಿಂದ ಸ್ಪಿತಿಗೆ ದಾಟುವ ಗಡಿಭಾಗಕ್ಕೆ ಪರವಾನಗಿ ಮಾಡಿಸಿಕೊಳ್ಳಬೇಕು. ಭಾರತೀಯ ಪ್ರಜೆಗಳಿಗೆ ಗುರುತಿನ ಚೀಟಿ ಸಾಕು.

ದಾರಿಯಲ್ಲಿ ಕಲ್ಪಾದಲ್ಲಿ ಒಂದು ದಿನ ಹೆಚ್ಚು ನಿಲ್ಲಿ. ಚಳಿಗೆ ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಿನ್ನರ್ ಕೈಲಾಸದ ಸಾಲು ಸಟ್ಲೆಜ್ ಕಣಿವೆಯ ಆಚೆ, ಪೂರ್ವ ದಿಕ್ಕಿನಲ್ಲಿದೆ. ಸೂರ್ಯ ಅದರ ಹಿಂದಿನಿಂದ ಬರುವುದರಿಂದ ಬೆಳಿಗ್ಗೆ ಬೆಟ್ಟದ ಅಂಚಷ್ಟೇ ಕಾಣುತ್ತದೆ, ಮೈ ಕಪ್ಪಾಗಿಯೇ ಉಳಿಯುತ್ತದೆ. ಹೊಂಬಣ್ಣ ಬೇಕಿದ್ದರೆ ಸಂಜೆ ನಿಲ್ಲಬೇಕು. ನಸುಕಿಗೆ ಎದ್ದು ನಡುಗುತ್ತ ನಿಂತು ಬರಿಗೈಲಿ ಬರುವವರು ಅಲ್ಲಿ ಪ್ರತಿ ವರ್ಷ ಇರುತ್ತಾರೆ.

ಹವಾಮಾನ: ಒಳ್ಳೆಯ ಬೆಳಕು ಮತ್ತು ಹಿಮಕುಸಿತ ಒಟ್ಟಿಗೇ ಬರುತ್ತವೆ

ಇಲ್ಲಿ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳ ಅಲೆಗಳು, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವುದು ಇದಕ್ಕೇ. ಮೊದಲು ಆಕಾಶದ ತುಂಬ ತೆಳ್ಳಗಿನ ಬಿಳಿ ಮೋಡ ಹರಡುತ್ತದೆ, ಸೂರ್ಯನ ಸುತ್ತ ಉಂಗುರ ಕಟ್ಟುತ್ತದೆ. ಆಮೇಲೆ ಮೋಡ ಇಳಿದು ಒಂದೆರಡು ದಿನ ಹಿಮ ಸುರಿಯುತ್ತದೆ. ಮೋಡ ಹರಿಯುವ ಹೊತ್ತಿನಲ್ಲಿ ಬೆಟ್ಟ ಮರೆಯಾಗಿ, ಮತ್ತೆ ಕಾಣಿಸಿ, ಬಿಸಿಲಿನ ಕೋಲು ಅಲ್ಲಲ್ಲಿ ಬೀಳುತ್ತದೆ. ಇಡೀ ಪ್ರವಾಸದ ಒಳ್ಳೆಯ ಚಿತ್ರ ಸಿಗುವುದು ಆ ನಾಲ್ಕೈದು ಗಂಟೆಗಳಲ್ಲಿ.

ತೊಡಕೆಂದರೆ, ಹಿಮ ಸುರಿದು ನಿಂತ ಮೊದಲ 24ರಿಂದ 48 ಗಂಟೆಗಳಲ್ಲೇ ಹಿಮಕುಸಿತದ ಅಪಾಯವೂ ಹೆಚ್ಚು. ಹೊಸ ಹಿಮದ ಭಾರ ಹಳೆಯ ಪದರದ ಮೇಲೆ ಇನ್ನೂ ಕೂತುಕೊಂಡಿರುವುದಿಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅದು ಜಾರುವ ಸಂಭವ ಹೆಚ್ಚು. ಇಳಿಜಾರು ಅಳೆಯಲು ಮೊಬೈಲಿನ ಲೆವೆಲ್ ಆ್ಯಪ್ ಸಾಕು, ಟ್ರೈಪಾಡ್ ಕಾಲನ್ನು ಇಳಿಜಾರಿಗೆ ಸಮಾನಾಂತರ ಹಿಡಿದು ಅದರ ಮೇಲೆ ಮೊಬೈಲ್ ಇಟ್ಟು ನೋಡಿ. ಅಂಥ ಇಳಿಜಾರಿನ ಮೇಲಾಗಲಿ ಬುಡದಲ್ಲಾಗಲಿ ಕ್ಯಾಮೆರಾ ಹೂಡಬೇಡಿ. ರಸ್ತೆ, ಊರು, ಗೊಂಪದ (ಬೌದ್ಧ ಮಠದ) ಅಂಗಳ, ಬಯಲು ಸಾಕಷ್ಟಿವೆ. ಚಂಡೀಗಡದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಅದನ್ನು ನೋಡಿಕೊಳ್ಳಿ. ಜೊತೆಗೆ ಊರಿನ ಡ್ರೈವರ್ ಇವತ್ತು ಬೇಡ ಎಂದರೆ ವಾದ ಮಾಡಬೇಡಿ. ಪ್ರವಾಸದ ಪಟ್ಟಿಯಲ್ಲಿ ಎರಡು ದಿನ ಖಾಲಿ ಬಿಟ್ಟಿದ್ದರೆ ವಾದ ಮಾಡುವ ಪ್ರಮೇಯವೂ ಬರುವುದಿಲ್ಲ.

ಬೆರಳು

ಬಟ್ಟೆಯ ಬಗ್ಗೆ ಎಲ್ಲೆಡೆ ಬರೆದಿದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಫ್ಲೀಸ್ ಮತ್ತು ಡೌನ್, ಮೇಲೆ ಗಾಳಿ ತಡೆಯುವ ಪದರ. ಹತ್ತಿಯ ಬನಿಯನ್, ಜೀನ್ಸ್ ಬೇಡ, ಬೆವರು ಕುಡಿದು ಒಣಗದೆ ಮೈಯನ್ನು ಇನ್ನಷ್ಟು ತಣ್ಣಗಾಗಿಸುತ್ತವೆ. ಕಾಲುಚೀಲ ಎರಡು ಹಾಕುವುದಾದರೆ ಶೂ ಒಂದು ಸೈಜ್ ದೊಡ್ಡದಿರಲಿ. ಬಿಗಿ ಶೂನಲ್ಲಿ ರಕ್ತ ಓಡಾಡದೆ ಕಾಲ್ಬೆರಳು ಮೊದಲು ಮರಗಟ್ಟುತ್ತದೆ.

ಫೋಟೊ ತೆಗೆಯುವವರ ಸಮಸ್ಯೆ ಬೇರೆ. ಅವರು ನಡೆಯುವುದಿಲ್ಲ, ಒಂದೇ ಕಡೆ ನಿಂತು ಕೈಯನ್ನು ಹೊರಗೆ ಚಾಚಿರುತ್ತಾರೆ. ದಪ್ಪ ಗ್ಲೌಸ್ ಒಂದೇ ತಂದರೆ ಗುಂಡಿ ಒತ್ತಲು ಪ್ರತಿ ಸಲ ಅದನ್ನು ಬಿಚ್ಚುತ್ತೀರಿ, ಬರಿ ಬೆರಳು ಲೋಹಕ್ಕೆ ತಾಗುತ್ತದೆ. ಎರಡು ಪದರ ಮಾಡಿ. ಒಳಗೆ ಟಚ್‌ಸ್ಕ್ರೀನಿಗೆ ಹೊಂದುವ ತೆಳು ಗ್ಲೌಸ್, ಅದನ್ನು ಹೊರಗೆ ಯಾವತ್ತೂ ಬಿಚ್ಚಬಾರದು. ಮೇಲೆ ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟನ್, ತುದಿ ಹಿಂದಕ್ಕೆ ಮಡಚುವಂಥದ್ದು. ಮಿಟನ್ನಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿ, ಇಲ್ಲದಿದ್ದರೆ ಗಾಳಿಗೆ ಒಂದು ಹಾರಿಹೋಗುವುದು ಗ್ಯಾರಂಟಿ.

ಬಿಸಿ ಕೊಡುವ ಹ್ಯಾಂಡ್ ವಾರ್ಮರ್ ಪೊಟ್ಟಣದಲ್ಲಿ ಇರುವುದು ಕಬ್ಬಿಣದ ಪುಡಿ. ಗಾಳಿಯ ಆಮ್ಲಜನಕ ತಾಗಿದಾಗ ಅದು ತುಕ್ಕು ಹಿಡಿಯುತ್ತ ಬಿಸಿಯಾಗುತ್ತದೆ. ಎತ್ತರದಲ್ಲಿ ಆಮ್ಲಜನಕ ಕಡಿಮೆ, ಮಿಟನ್ನಿನೊಳಗೆ ಇನ್ನೂ ಕಡಿಮೆ. ಕೆಲಸ ಮಾಡುತ್ತಿಲ್ಲ ಎಂದು ಬಿಸಾಡುವ ಮೊದಲು ಹೊರತೆಗೆದು ಒಂದು ನಿಮಿಷ ಗಾಳಿಯಾಡಿಸಿ ಕುಲುಕಿ. ಹೊರಡುವ ಹತ್ತು ನಿಮಿಷ ಮೊದಲೇ ಪೊಟ್ಟಣ ಒಡೆದಿಟ್ಟುಕೊಳ್ಳಿ.

ಬೆರಳು ನೋಯುತ್ತಿದ್ದರೆ ಅದು ಇನ್ನೂ ಸರಿಯಿದೆ ಎಂದರ್ಥ. ನೋವು ನಿಂತು, ತುದಿ ಮೇಣದ ಹಾಗೆ ಬೆಳ್ಳಗಾಗಿ, ಮುಟ್ಟಿದ್ದು ತಿಳಿಯದಿದ್ದರೆ ಕ್ಯಾಮೆರಾ ಕೆಳಗಿಟ್ಟು ಕೈಯನ್ನು ಕಂಕುಳಿಗೆ ಹಾಕಿ. ಉಜ್ಜಬೇಡಿ. ಬೆಂಕಿಗೆ ಒಡ್ಡಬೇಡಿ, ಸ್ಪರ್ಶ ಇಲ್ಲದ ಬೆರಳು ಸುಡುವುದೂ ಗೊತ್ತಾಗುವುದಿಲ್ಲ. ಒಳಗೆ ಬಂದ ಮೇಲೆ 37ರಿಂದ 39 ಡಿಗ್ರಿಯ ಉಗುರುಬೆಚ್ಚನೆ ನೀರಿನಲ್ಲಿ ಅದ್ದಿಡಬೇಕು, ಬಣ್ಣ ಮರಳದಿದ್ದರೆ ಕಾಜಾದ ಆಸ್ಪತ್ರೆಗೆ ಹೋಗಬೇಕು.

ಬ್ಯಾಟರಿ

ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಒಳಗಿನ ತಡೆ ಏರುತ್ತದೆ. ಕ್ಯಾಮೆರಾ ಕರೆಂಟು ಎಳೆದೊಡನೆ ವೋಲ್ಟೇಜ್ ಕುಸಿಯುತ್ತದೆ, ಬ್ಯಾಟರಿ ಖಾಲಿ ಎಂದು ಕ್ಯಾಮೆರಾ ತಪ್ಪು ತಿಳಿದು ಆಫ್ ಆಗುತ್ತದೆ. ಶಕ್ತಿ ಎಲ್ಲೂ ಹೋಗಿರುವುದಿಲ್ಲ. ಅದೇ ಬ್ಯಾಟರಿಯನ್ನು ಒಳಜೇಬಿನಲ್ಲಿ ಅರ್ಧ ಗಂಟೆ ಇಟ್ಟರೆ ಮತ್ತೆ ಶೇ. 40, 50 ತೋರಿಸುವುದುಂಟು. ಆದ್ದರಿಂದ:

1. ಕನಿಷ್ಠ ನಾಲ್ಕು ಬ್ಯಾಟರಿ ತನ್ನಿ. ಬೆಂಗಳೂರಿನಲ್ಲಿ ಒಂದು ದಿನಕ್ಕೆ ಸಾಕಾಗುವ ಬ್ಯಾಟರಿ ಇಲ್ಲಿ ಅರ್ಧ ಹೊತ್ತೂ ಬಾರದಿರಬಹುದು.
2. ಒಂದು ಕ್ಯಾಮೆರಾದಲ್ಲಿ, ಉಳಿದವು ಅಂಗಿಯ ಒಳಜೇಬಿನಲ್ಲಿ. ಜಾಕೆಟ್ಟಿನ ಹೊರಜೇಬು ಲೆಕ್ಕಕ್ಕಿಲ್ಲ, ಅಲ್ಲಿ ಹೊರಗಿನಷ್ಟೇ ತಣ್ಣಗಿರುತ್ತದೆ.
3. ಬಲಜೇಬು ತುಂಬಿದ್ದಕ್ಕೆ, ಎಡಜೇಬು ಬಳಸಿದ್ದಕ್ಕೆ. ಕತ್ತಲೆಯಲ್ಲಿ ಗ್ಲೌಸ್ ಹಾಕಿಕೊಂಡು ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ.
4. ಶೇ. 20 ತೋರಿಸಿದೊಡನೆ ಬದಲಿಸಿ. ಹಿಮ ಬೀಳುವಾಗ ಮಧ್ಯದಲ್ಲಿ ಆಫ್ ಆದರೆ ಆ ಬೆಳಕು ಮತ್ತೆ ಬರುವುದಿಲ್ಲ.
5. ಹೊರಗಿನಿಂದ ತಂದ ಬ್ಯಾಟರಿಯನ್ನು ನೇರ ಚಾರ್ಜರಿಗೆ ಹಾಕಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಪದರ ಕಟ್ಟಿ ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಜೇಬಿನಲ್ಲಿ ಬೆಚ್ಚಗಾದ ಮೇಲೆ ಹಾಕಿ.

ರಾತ್ರಿ ಬ್ಯಾಟರಿಗಳು, ಮೊಬೈಲ್, ಪವರ್ ಬ್ಯಾಂಕ್ ನಿಮ್ಮ ರಜಾಯಿಯೊಳಗೆ ನಿಮ್ಮ ಜೊತೆಗೇ ಮಲಗಬೇಕು. ಹಿಮ ಬಿದ್ದ ದಿನಗಳಲ್ಲಿ ಕರೆಂಟು ಹೋಗುವುದು ಮಾಮೂಲು, ಇದ್ದಾಗಲೇ ಎಲ್ಲ ತುಂಬಿಸಿಕೊಳ್ಳಿ. ಕ್ಯಾಮೆರಾದ ವೈಫೈ, ಬ್ಲೂಟೂತ್, ತೆಗೆದ ಚಿತ್ರ ತಾನಾಗಿ ತೋರಿಸುವ ಸೌಲಭ್ಯ ಆಫ್ ಮಾಡಿ. ಮಿರರ್‌ಲೆಸ್ ಆದರೆ ಬೆಳಕಿಗೆ ಕಾಯುವಾಗ ಪವರ್ ಸ್ವಿಚ್ಚೇ ಆಫ್ ಮಾಡಿ.

ಟ್ರೈಪಾಡ್

ಕಾರ್ಬನ್ ಫೈಬರ್ ಇದ್ದರೆ ಅದನ್ನೇ ತನ್ನಿ. ಹಗುರ ಎಂಬುದಕ್ಕಿಂತ, ಅಲ್ಯೂಮಿನಿಯಂ ಕೈಯ ಶಾಖವನ್ನು ಹೀರಿಕೊಳ್ಳುವ ಹಾಗೆ ಅದು ಹೀರುವುದಿಲ್ಲ ಎಂಬುದು ಕಾರಣ. ಅಲ್ಯೂಮಿನಿಯಂದೇ ಇದ್ದರೆ ಎರಡು ಕಾಲುಗಳ ಮೇಲ್ಭಾಗಕ್ಕೆ ಏಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಸುತ್ತಿ ಟೇಪ್ ಹಾಕಿ, ಖರ್ಚು ನೂರಿನ್ನೂರು ರೂಪಾಯಿ.

ಮೆತ್ತನೆಯ ಹಿಮದಲ್ಲಿ ಕಾಲುಗಳನ್ನು ಪೂರ್ತಿ ಅಗಲಿಸಿ ಮೇಲಿನಿಂದ ಒತ್ತುವುದು ತಪ್ಪು. ಕಾಲು ಕೆಳಗಿಳಿದ ಹಾಗೆ ಹಿಮ ಅವನ್ನು ಹೊರಕ್ಕೆ ತಳ್ಳುತ್ತದೆ, ಮೇಲಿನ ಕೀಲಿನ ಮೇಲೆ ಜಗ್ಗಾಟ ಬಿದ್ದು ಬಿರುಕು ಬಿಡಬಹುದು. ಅರ್ಧ ಮಾತ್ರ ಅಗಲಿಸಿ, ಒಂದೊಂದೇ ಕಾಲನ್ನು ಗಟ್ಟಿ ತಳ ಸಿಗುವವರೆಗೆ ಇಳಿಸಿ, ಒಳಗೆ ಹೋಗುತ್ತ ತಾನಾಗಿ ಅಗಲವಾಗುತ್ತದೆ. ಮೊಣಕಾಲುದ್ದ ಹಿಮವಿದ್ದರೆ ಮೊದಲು ಬೂಟಿನಿಂದ ತುಳಿದು ಗಟ್ಟಿ ಮಾಡಿ ಐದು ನಿಮಿಷ ಬಿಡಿ, ತುಳಿದ ಹಿಮ ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಕೆಳತುದಿಯ ಭಾಗವನ್ನು ಮೊದಲು ಪೂರ್ತಿ ಹೊರಗೆಳೆಯಿರಿ, ಆಗ ಅದರ ಲಾಕ್ ಹಿಮದೊಳಗೆ ಸೇರದೆ ಮೇಲೇ ಉಳಿಯುತ್ತದೆ. ತಿರುಗಿಸುವ ಲಾಕಿನೊಳಗೆ ಹಿಮ ಸೇರಿ, ಕಾರಿನ ಬಿಸಿಗೆ ಕರಗಿ, ಮತ್ತೆ ಹೊರಗೆ ಗಡ್ಡೆಕಟ್ಟಿದರೆ ಆ ಕಾಲು ಆ ದಿನಕ್ಕೆ ಮುಗಿಯಿತು. ಅದಕ್ಕೇ ಕಾರಿಗೆ ಹಾಕುವ ಮೊದಲು ಕಾಲುಗಳನ್ನು ಬ್ರಷ್‌ನಿಂದ ಕೊಡವಿ.

ಗಾಳಿಯಿದ್ದರೆ ನಡುಗಂಬ ಏರಿಸಬೇಡಿ, ಕ್ಯಾಮೆರಾದ ಪಟ್ಟಿ ಬಿಚ್ಚಿ, ಲೆನ್ಸಿನ ಮುಂದಿನ ಹುಡ್ ತೆಗೆಯಿರಿ. ಪಟ್ಟಿ ಪಟಪಟ ಹೊಡೆದುಕೊಳ್ಳುವುದೊಂದೇ ಚಿತ್ರ ಅಲುಗಿಸಲು ಸಾಕು.

ಹಿಮ ಬೆಳ್ಳಗೆ ಕಾಣಬೇಕಾದರೆ

ಕ್ಯಾಮೆರಾದ ಬೆಳಕಿನ ಮೀಟರಿಗೆ ಜಗತ್ತೆಲ್ಲ ನಡುಬೂದು ಬಣ್ಣದ್ದು. ಚೌಕಟ್ಟಿನ ತುಂಬ ಹಿಮ ಕಂಡರೆ ಇದು ಅತಿ ಹೊಳಪು ಎಂದು ತಗ್ಗಿಸಿ, ಹಿಮವನ್ನು ಒಲೆಯ ಬೂದಿಯ ಬಣ್ಣಕ್ಕೆ ಇಳಿಸಿಬಿಡುತ್ತದೆ. ಚಿತ್ರದ ಹೊಳಪು ತಿದ್ದುವ ಎಕ್ಸ್‌ಪೋಷರ್ ಕಾಂಪನ್ಸೇಶನ್ನನ್ನು ನೀವೇ ಪ್ಲಸ್ ಕಡೆ ತಿರುಗಿಸಬೇಕು. ಮೋಡದ ದಿನ, ಚೌಕಟ್ಟಿನ ಮುಕ್ಕಾಲು ಹಿಮವಿದ್ದರೆ +1.3ರಿಂದ +2 ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು). ಬಿಸಿಲಿನಲ್ಲಿ +1ರಿಂದ ಶುರುಮಾಡಿ. ಅರ್ಧ ಬಂಡೆ, ಅರ್ಧ ಹಿಮ ಇದ್ದರೆ +0.7 ಸಾಕಾಗಬಹುದು.

ಮೀಟರ್ ಬೇಡವೆನ್ನುವವರಿಗೆ ಒಂದು ಬಾಯಿಲೆಕ್ಕ. ಬಿಸಿಲು ಚೆನ್ನಾಗಿರುವಾಗ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ) 8, ಶಟರ್ ಸೆಕೆಂಡಿನ 1/800. ಬಿಸಿಲಿನ ಹಿಮಕ್ಕೆ ಇದು ಹತ್ತಿರಕ್ಕೆ ಬರುತ್ತದೆ, ಅಲ್ಲಿಂದ ಅತ್ತಿತ್ತ ತಿದ್ದಿಕೊಳ್ಳಿ.

ಸ್ಕ್ರೀನ್ ನೋಡಿ ತೀರ್ಮಾನ ಮಾಡಬೇಡಿ. ಸುತ್ತಲಿನ ಹೊಳಪಿಗೆ ಕಣ್ಣಿನ ಪಾಪೆ ಕುಗ್ಗಿರುತ್ತದೆ, ಸರಿಯಾದ ಚಿತ್ರವೂ ಕಪ್ಪಾಗಿ ಕಾಣುತ್ತದೆ. ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಎಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಂ ನಕ್ಷೆ ನೋಡಿ. ಹಿಮದ ಗುಡ್ಡ ಬಲಕ್ಕೆ ಸರಿದಿರಬೇಕು, ಬಲಗೋಡೆಗೆ ಅಂಟಿರಬಾರದು. ಮೂರು ಬಣ್ಣದ ಹಿಸ್ಟೋಗ್ರಾಂ ಇದ್ದರೆ ಅದನ್ನೇ ಬಳಸಿ. ಸಂಜೆಯ ಕೆಂಪಿನಲ್ಲಿ ಕೆಂಪು ಪಟ್ಟಿ ಮೊದಲು ಗೋಡೆಗೆ ಬಡಿಯುತ್ತದೆ, ಒಟ್ಟು ಹಿಸ್ಟೋಗ್ರಾಂನಲ್ಲಿ ಅದು ತಿಳಿಯುವುದಿಲ್ಲ.

ನೆರಳಿನ ಹಿಮ ನೀಲಿಯಾಗಿ ಬಂತೆಂದು ಗಾಬರಿಯಾಗಬೇಡಿ. ಅದಕ್ಕೆ ಬೀಳುತ್ತಿರುವುದು ಬಿಸಿಲಲ್ಲ, ಆಕಾಶದ ಬೆಳಕು. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಕಡತದಲ್ಲಿ) ತೆಗೆದು, ವೈಟ್ ಬ್ಯಾಲೆನ್ಸ್ ಎಂಬ ಬಣ್ಣದ ಹದವನ್ನು 5,500 ಕೆಲ್ವಿನ್‌ಗೆ ಕಟ್ಟಿಹಾಕಿ, ಊರಿಗೆ ಬಂದು ತಿದ್ದಿ. ನೀಲಿಯನ್ನೆಲ್ಲ ತೊಳೆದು ಹಾಕಿದರೆ ಚಳಿಯೂ ಚಿತ್ರದಿಂದ ಹೊರಟುಹೋಗುತ್ತದೆ, ಎಳೆಬಿಸಿಲಿನ ಹಳದಿಗೆ ಎದುರಾಗಿ ಅದೊಂದು ಇರಲಿ.

ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರನ್ನು ಇಲ್ಲಿ ಪೂರ್ತಿ ತಿರುಗಿಸಿದರೆ ಆಕಾಶ ಕಪ್ಪಾಗುತ್ತದೆ. ಈ ಎತ್ತರದಲ್ಲಿ ಅದು ಮೊದಲೇ ಗಾಢ ನೀಲಿ. ಅಗಲ ಲೆನ್ಸ್ ಆದರಂತೂ ಆಕಾಶದ ಒಂದು ಪಕ್ಕ ಮಾತ್ರ ಕಪ್ಪಾಗಿ ಕಲೆ ಬಿದ್ದ ಹಾಗೆ ಕಾಣುತ್ತದೆ.

ಇನ್ನೊಂದು ಅನುಕೂಲ ಜನ ಗಮನಿಸುವುದೇ ಇಲ್ಲ. ಕಾಜಾ ಸುಮಾರು 32 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜನವರಿ ಕೊನೆಗೆ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 40 ಡಿಗ್ರಿಯಷ್ಟೇ ಮೇಲೇರುತ್ತದೆ. ಬೆಂಗಳೂರಿನಲ್ಲಿ ಹಗಲು ಹನ್ನೊಂದಕ್ಕೆ ಕ್ಯಾಮೆರಾ ಚೀಲಕ್ಕೆ ಹಾಕುವವರು ಇಲ್ಲಿ ಹಾಗೆ ಮಾಡಬೇಕಾಗಿಲ್ಲ. ಗಾಳಿ ಕೊರೆದ ಹಿಮದ ಅಲೆಗಳು, ಹೆಜ್ಜೆಗುರುತು, ಕಲ್ಲಿನ ಗೋಡೆ ಎಲ್ಲಕ್ಕೂ ದಿನವಿಡೀ ಓರೆ ಬೆಳಕು, ಉದ್ದ ನೆರಳು ಸಿಗುತ್ತದೆ.

ಹಿಮ ಸುರಿಯುವಾಗ

ಹಿಮದ ಹೂಗಳು ಚುಕ್ಕಿಗಳಾಗಿ ನಿಲ್ಲಬೇಕಾದರೆ ಶಟರ್ 1/250ರಿಂದ 1/500. ಗೆರೆಗೆರೆಯಾಗಿ ಇಳಿಯಬೇಕಾದರೆ 1/30ರ ಆಸುಪಾಸು. ಬಿಳಿ ಆಕಾಶದ ಎದುರು ಹಿಮ ಕಾಣಿಸುವುದೇ ಇಲ್ಲ, ಹಿಂದೆ ಕಪ್ಪು ಬಂಡೆಯೋ ಗೊಂಪದ ಕೆಂಪು ಗೋಡೆಯೋ ಇರಬೇಕು. ಆಟೊಫೋಕಸ್ ಹತ್ತಿರದ ಹಿಮವನ್ನು ಹಿಡಿದು ಒದ್ದಾಡುತ್ತದೆ, ಮ್ಯಾನ್ಯುಯಲ್‌ಗೆ ಹಾಕಿ. 70–200 ಎಂಎಂ ಲೆನ್ಸ್ ಇಂಥ ದಿನದ ಗೆಳೆಯ. ಹಿಮದ ಪರದೆ ದಟ್ಟವಾಗುತ್ತದೆ, ಬಿಳಿ ಬಯಲಿನ ನಡುವೆ ಒಂದು ಸ್ತೂಪ, ಒಂದು ಯಾಕ್, ಇಷ್ಟನ್ನೇ ಕತ್ತರಿಸಿ ತೆಗೆಯಬಹುದು. ಹೊಸ ಹಿಮದಲ್ಲಿ ನಡೆದಾಡುವ ಮೊದಲು ಚೌಕಟ್ಟು ಯೋಚಿಸಿ. ನಿಮ್ಮದೇ ಬೂಟಿನ ಗುರುತು ಅಳಿಸಲು ಮುಂದಿನ ಹಿಮ ಬೀಳುವವರೆಗೆ ಕಾಯಬೇಕಾಗುತ್ತದೆ.

ಮೈನಸ್ 10ಕ್ಕಿಂತ ಕೆಳಗೆ ಬೀಳುವ ಹಿಮ ಒಣಪುಡಿ. ಅದು ಕ್ಯಾಮೆರಾವನ್ನು ಒದ್ದೆ ಮಾಡುವುದಿಲ್ಲ, ನೀವು ಒದ್ದೆ ಮಾಡುತ್ತೀರಿ. ಕೈಯಿಂದ ಒರೆಸಿದರೆ ಕರಗುತ್ತದೆ, ಬಾಯಿಂದ ಊದಿದರೆ ಗಾಜಿನ ಮೇಲೆ ಉಸಿರು ಹೆಪ್ಪುಗಟ್ಟುತ್ತದೆ. ಮೆತ್ತನೆ ಪೇಂಟ್ ಬ್ರಷ್ ಮತ್ತು ರಬ್ಬರ್ ಬ್ಲೋವರ್ ಇಟ್ಟುಕೊಳ್ಳಿ. ಕ್ಯಾಮೆರಾ ಮುಚ್ಚಲು ಹೋಟೆಲಿನಲ್ಲಿ ಕೊಡುವ ಸ್ನಾನದ ಪ್ಲಾಸ್ಟಿಕ್ ಟೋಪಿ ಚೆನ್ನಾಗಿ ಹೊಂದುತ್ತದೆ. ಹೊರಗೆ ಲೆನ್ಸ್ ಬದಲಿಸಬೇಡಿ, ಗಾಳಿಗೆ ತೂರಾಡುವ ಹಿಮಪುಡಿ ಸೆನ್ಸರಿಗೆ ಹೋಗುತ್ತದೆ. ಯಾವ ಲೆನ್ಸ್ ಎಂದು ಒಳಗೇ ತೀರ್ಮಾನಿಸಿ ಹೊರಡಿ.

ಕಾರಿನ ಕಿಟಕಿಯಿಂದ ಉದ್ದ ಲೆನ್ಸಿನಲ್ಲಿ ತೆಗೆದದ್ದು ಯಾವಾಗಲೂ ಮಸುಕಾಗುತ್ತಿದ್ದರೆ ಲೆನ್ಸನ್ನು ಬೈಯಬೇಡಿ. ಹೀಟರಿನ ಬಿಸಿಗಾಳಿ ಕಿಟಕಿಯಿಂದ ಹೊರಗೆ ಹರಿದು ತಣ್ಣನೆ ಗಾಳಿಯೊಡನೆ ಕಲೆಯುತ್ತದೆ, ಬೇಸಿಗೆಯ ಡಾಂಬರು ರಸ್ತೆಯ ಮೇಲೆ ಕುಣಿಯುವ ಗಾಳಿಯ ಹಾಗೆಯೇ. ಇಳಿದು ಹತ್ತು ಹೆಜ್ಜೆ ದೂರ ನಿಂತು ತೆಗೆಯಿರಿ.

ಕೀ ಗೊಂಪದ ಮೇಲೆ ಒಂದು ಬೆಳಗು

ಕೀ ಹಳ್ಳಿಯಿಂದ ಕಿಬ್ಬರ್‌ಗೆ ಏರುವ ರಸ್ತೆಯ ತಿರುವುಗಳಿಂದ ಕೆಳಗೆ ನೋಡಿದರೆ ಗುಡ್ಡದ ತುದಿಯ ಗೊಂಪ ಮುಂದೆ, ಸ್ಪಿತಿ ನದಿಯ ಅಗಲ ಬಯಲು ಹಿಂದೆ ಸಿಗುತ್ತದೆ. ಎಲ್ಲರೂ ತೆಗೆಯುವ ಚಿತ್ರ, ಆದರೂ ಬೆಳಕಿನ ಲೆಕ್ಕ ಕಲಿಯಲು ಇದೇ ಸರಿ.

ಜನವರಿ ಕೊನೆಯಲ್ಲಿ ಸೂರ್ಯೋದಯ ಸುಮಾರು 7.15ಕ್ಕೆ. ಬೆಟ್ಟ ಅಡ್ಡ ಇರುವುದರಿಂದ ಕಣಿವೆಯ ತಳಕ್ಕೆ ಬಿಸಿಲು ಮುಟ್ಟಲು ಇನ್ನೂ ಅರ್ಧದಿಂದ ಒಂದು ಗಂಟೆ ಹಿಡಿಯಬಹುದು. 6.40ಕ್ಕೆ ಟ್ರೈಪಾಡ್ ಹೂಡಿ ಕ್ಯಾಮೆರಾ ಹೊರಗಿಟ್ಟುಬಿಡಿ, ಲೆನ್ಸ್ ಹೊರಗಿನ ತಾಪಕ್ಕೆ ಇಳಿಯಲಿ. 7 ಗಂಟೆಯ ನೀಲಿ ಬೆಳಕಿಗೆ ಐಎಸ್‌ಒ 100, ಎಫ್ 8, ಎರಡರಿಂದ ನಾಲ್ಕು ಸೆಕೆಂಡ್. ಈ ಹೊತ್ತಿನಲ್ಲಿ ಒಮ್ಮೆ ಸೂರ್ಯ ಹುಟ್ಟುವ ದಿಕ್ಕಿಗೆ ಬೆನ್ನು ಮಾಡಿ ನೋಡಿ. ದಿಗಂತದಲ್ಲಿ ಬೂದುನೀಲಿ ಪಟ್ಟಿ, ಅದರ ಮೇಲೆ ಗುಲಾಬಿ. ಆ ಬೂದು ಭೂಮಿಯದೇ ನೆರಳು. ಮುಂದಿನ ಹತ್ತು ನಿಮಿಷದಲ್ಲಿ ಅದು ಕೆಳಗಿಳಿದು ಕರಗುತ್ತದೆ.

ಆಮೇಲೆ ಶಿಖರದ ತುದಿಗೆ ಕೆಂಪು ಹತ್ತುತ್ತದೆ, ಬಿಸಿಲಿನ ಗೆರೆ ಇಳಿಯುತ್ತ ಬರುತ್ತದೆ. ಬಿಸಿಲಿನ ತುದಿಗೂ ನೆರಳಿನ ಗೊಂಪಕ್ಕೂ ಮೂರು ನಾಲ್ಕು ಸ್ಟಾಪ್ ಅಂತರ. ತುದಿಯ ಹಿಮ ಸುಡದ ಹಾಗೆ ಎಕ್ಸ್‌ಪೋಷರ್ ಇಟ್ಟು, ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಚಿತ್ರ ತೆಗೆದುಕೊಳ್ಳಿ. ಬಿಸಿಲು ಗೊಂಪದ ಮೇಲಿನ ಬಿಳಿ ಗೋಡೆಗೆ ಮುಟ್ಟಿ, ಕೆಳಗಿನ ಬಯಲು ಇನ್ನೂ ನೀಲಿಯಲ್ಲಿರುವ ಎರಡು ಮೂರು ನಿಮಿಷ ಇದೆಯಲ್ಲ, ಕಾಯಬೇಕಾದದ್ದು ಅದಕ್ಕೆ. ಬಹಳ ಜನ ತುದಿ ಕೆಂಪಾದಾಗಲೇ ಕೈ ಸೋತು ಕಾರಿನೊಳಗೆ ಸೇರಿಬಿಡುತ್ತಾರೆ.

ವ್ಯೂಫೈಂಡರಿಗೆ ಕಣ್ಣಿಡುವಾಗ ಉಸಿರು ಹಿಡಿಯಿರಿ, ಇಲ್ಲವೇ ಬಾಯಿಯಿಂದ ಪಕ್ಕಕ್ಕೆ ಬಿಡಿ. ಮೂಗಿನವರೆಗೆ ಮಫ್ಲರ್ ಕಟ್ಟಿದರೆ ಉಸಿರೆಲ್ಲ ಮೇಲಕ್ಕೆ ಹೋಗಿ ಕನ್ನಡಕವನ್ನೂ ವ್ಯೂಫೈಂಡರನ್ನೂ ಮುಚ್ಚುತ್ತದೆ. ಬಿಸಿಲು ಬಂದ ಮೇಲೆ ಕಪ್ಪು ಕನ್ನಡಕ ಕಡ್ಡಾಯ, ಹಿಮದ ಪ್ರತಿಫಲನಕ್ಕೆ ಒಂದೇ ಹಗಲಿನಲ್ಲಿ ಕಣ್ಣು ಉರಿದು ಕೆಂಪಾಗಬಹುದು. ಲಾಮಾಗಳ, ಊರಿನವರ ಫೋಟೊಗೆ ಮೊದಲು ಜೂಲೇ (ಅಲ್ಲಿನ ನಮಸ್ಕಾರ) ಎಂದು ಹೇಳಿ ಕೇಳಿ. ಸೇನೆಯ ನೆಲೆಗಳ ಕಡೆ ಕ್ಯಾಮೆರಾ ಎತ್ತಬೇಡಿ.

ರಾತ್ರಿ

ಜನವರಿಯಲ್ಲಿ ಆಕಾಶಗಂಗೆಯ ಹೊಳೆಯುವ ನಡುಭಾಗ ಸಿಗುವುದಿಲ್ಲ, ಅದು ಸೂರ್ಯನ ಕಡೆಯೇ ಇರುತ್ತದೆ. ಸಿಗುವುದು ಮಹಾವ್ಯಾಧ, ಕೃತ್ತಿಕೆ, ಲುಬ್ಧಕ. ಅಮಾವಾಸ್ಯೆಯ ಆಸುಪಾಸು 20 ಎಂಎಂ ಲೆನ್ಸಿಗೆ ಎಫ್ 2.8, 15 ಸೆಕೆಂಡ್, ಐಎಸ್‌ಒ 3200 ಎಂದು ಶುರುಮಾಡಿ.

ಹಿಮದ ಬೆಟ್ಟಕ್ಕೆ ಬೆಳದಿಂಗಳೇ ಚೆಂದ ಎಂಬುದು ನಮ್ಮ ಅಭಿಪ್ರಾಯ. ಹುಣ್ಣಿಮೆಯಲ್ಲಿ ಎಫ್ 2.8, ಐಎಸ್‌ಒ 1600, ಐದು ಸೆಕೆಂಡ್ ಸಾಕು. ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧವಲ್ಲ, ಸುಮಾರು ಹತ್ತನೇ ಒಂದು ಭಾಗ. ಆಗ ಐಎಸ್‌ಒ 3200ಕ್ಕೆ ಏರಿಸಿ 20 ಸೆಕೆಂಡಿನ ಮೇಲೆ ಬೇಕಾಗುತ್ತದೆ.

ನಕ್ಷತ್ರಕ್ಕೆ ಲೈವ್ ವ್ಯೂನಲ್ಲಿ ಹಿಗ್ಗಿಸಿ ಫೋಕಸ್ ಮಾಡಿ, ಅರ್ಧ ಗಂಟೆಯ ನಂತರ ಮತ್ತೆ ಪರೀಕ್ಷಿಸಿ. ಲೆನ್ಸ್ ತಣ್ಣಗಾದಂತೆ ಕುಗ್ಗಿ ಫೋಕಸ್ ಸರಿದಿರುತ್ತದೆ. ಗಾಜಿನ ಮೇಲೆ ಮಂಜು ಕಟ್ಟುವುದನ್ನು ತಡೆಯಲು ಲೆನ್ಸಿನ ಸುತ್ತ ಹ್ಯಾಂಡ್ ವಾರ್ಮರ್ ಪೊಟ್ಟಣವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಒಬ್ಬರೇ ಹೋಗಬೇಡಿ. ಜೊತೆಗಿರುವವರ ಮಾತು ತೊದಲಿದರೆ, ಕೈಯಿಂದ ವಸ್ತು ಜಾರಿ ಬೀಳತೊಡಗಿದರೆ ದೇಹದ ಶಾಖ ಇಳಿಯುತ್ತಿದೆ ಎಂದರ್ಥ. ಅವರಿಗೆ ಅದು ತಿಳಿಯುವುದಿಲ್ಲ, ಆ ರಾತ್ರಿಯ ಕೆಲಸ ಅಲ್ಲಿಗೇ ನಿಲ್ಲಿಸಿ ಒಳಗೆ ಕರೆದೊಯ್ಯಿರಿ.

ಒಳಗೆ ಬರುವಾಗ

ಮಲೆನಾಡಿನ ಮಳೆಯಲ್ಲಿ ಕ್ಯಾಮೆರಾ ಕಾಪಾಡಿಕೊಂಡವರಿಗೆ ನೀರು ಹೊರಗಿನಿಂದ ಬರುತ್ತದೆ ಎಂಬ ಅಭ್ಯಾಸ. ಸ್ಪಿತಿಯಲ್ಲಿ ನೀರು ಇರುವುದು ಮನೆಯೊಳಗೆ. ಹೋಂಸ್ಟೇಯ ನಡುಕೋಣೆಯಲ್ಲಿ ಕಬ್ಬಿಣದ ಒಲೆ ಉರಿಯುತ್ತಿರುತ್ತದೆ, ಅದನ್ನು ಅಲ್ಲಿಯವರು ತಂದೂರ್ ಎನ್ನುತ್ತಾರೆ. ಅದರ ಮೇಲೆ ಕೆಟಲ್ ಕುದಿಯುತ್ತಿದೆ, ಪಕ್ಕದ ಹಗ್ಗದಲ್ಲಿ ಒದ್ದೆ ಕಾಲುಚೀಲ ಒಣಗುತ್ತಿದೆ, ಹತ್ತು ಜನ ಕೂತು ಉಸಿರಾಡುತ್ತಿದ್ದಾರೆ. ಆ ಆವಿಯೊಳಗೆ ಮೈನಸ್ 18ರ ಕ್ಯಾಮೆರಾ ತಂದಿಟ್ಟರೆ ಮಂಗಳೂರಿನ ಸೆಕೆಯಲ್ಲಿ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಬೆವರುತ್ತದೆ. ಮೊದಲು ಗಾಜು ಬೆಳ್ಳಗೆ ಹಿಮಗಟ್ಟುತ್ತದೆ, ಅದು ಕರಗಿ ಝೂಮ್ ಉಂಗುರದ ಸಂದಿಯಿಂದ ಒಳಗಿಳಿಯುತ್ತದೆ. ಅದೇ ಒದ್ದೆ ಕ್ಯಾಮೆರಾವನ್ನು ಸಂಜೆ ಮತ್ತೆ ಹೊರಗೆ ತಂದರೆ ಒಳಗಿನ ನೀರು ಗಡ್ಡೆಕಟ್ಟಿ ಉಂಗುರಗಳು ಅಲುಗುವುದಿಲ್ಲ.

ಅದಕ್ಕೆ ಹೊರಗೇ, ಬಾಗಿಲಿನ ಮುಂದೆಯೇ ಮಾಡಬೇಕಾದದ್ದು ಇಷ್ಟು. ಮೊದಲು ಮೆಮೊರಿ ಕಾರ್ಡ್ ಮತ್ತು ಬ್ಯಾಟರಿ ತೆಗೆದು ಒಳಜೇಬಿಗೆ ಹಾಕಿ, ಯಾಕೆಂದರೆ ಆಮೇಲೆ ಚಿತ್ರ ನೋಡುವ ಆಸೆಗೆ ಚೀಲ ಬಿಚ್ಚುತ್ತೀರಿ. ಹಿಮವನ್ನು ಬ್ರಷ್‌ನಿಂದ ಕೊಡವಿ. ಕ್ಯಾಮೆರಾವನ್ನು ದೊಡ್ಡ ಜಿಪ್‌ಲಾಕ್ ಕವರಿಗೆ ಇಳಿಸಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಒಳಗೆ ಸಿಕ್ಕಿಕೊಳ್ಳುವುದು ಹೊರಗಿನ ಒಣಗಾಳಿ, ನೀರಿನ ಹನಿ ಕೂರುವುದು ಕವರಿನ ಹೊರಮೈಗೆ. ಆ ಕವರನ್ನು ಕ್ಯಾಮೆರಾ ಚೀಲದೊಳಗಿಟ್ಟು ಅದರ ಜಿಪ್ಪನ್ನೂ ಎಳೆಯಿರಿ. ಚೀಲ ಒಲೆಯಿಂದ ದೂರ, ನೆಲದ ಮೇಲೆ ಇರಲಿ. ಎರಡು ಗಂಟೆ ಮುಟ್ಟಬೇಡಿ, ದೊಡ್ಡ ಟೆಲಿಫೋಟೊ ಆದರೆ ಮೂರು. ಒಂದೆರಡು ಗಂಟೆಯಲ್ಲಿ ಮತ್ತೆ ಹೊರಗೆ ಹೋಗುವುದಿದ್ದರೆ ಒಳಗೆ ತರಲೇಬೇಡಿ, ಒಲೆಯಿಲ್ಲದ ಕೋಣೆಯಲ್ಲೋ ಬೀಗ ಹಾಕಿದ ಕಾರಿನಲ್ಲೋ ಬ್ಯಾಟರಿ ತೆಗೆದು ಬಿಟ್ಟುಬಿಡಿ.

ಅಕಸ್ಮಾತ್ ಬೆವರಿದರೆ ಆನ್ ಮಾಡಬೇಡಿ, ಲೆನ್ಸ್ ಕಳಚಬೇಡಿ. ಹೊರಮೈ ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕವರಿನಲ್ಲಿ ಒಂದು ರಾತ್ರಿ ಇಡಿ. ಬೇಗ ಒಣಗಲೆಂದು ಒಲೆಯ ಹತ್ತಿರ ಹಿಡಿದರೆ ನೀರು ಆವಿಯಾಗಿ ಇನ್ನೂ ಒಳಗಿನ ಗಾಜಿಗೆ ಹೋಗಿ ಕೂರುತ್ತದೆ.

ಕಾರ್ಡಿನಿಂದ ಚಿತ್ರ ಇಳಿಸಿಕೊಳ್ಳಲು ತಿರುಗುವ ಹಾರ್ಡ್ ಡಿಸ್ಕ್ ತರಬೇಡಿ. ಅದರ ಒಳಗಿನ ತಲೆ ತಟ್ಟೆಯ ಮೇಲೆ ತೇಲುವುದು ಗಾಳಿಯ ಪದರದ ಆಧಾರದಿಂದ. ಅಂಥ ಬಹಳಷ್ಟು ಡಿಸ್ಕ್‌ಗಳನ್ನು ಬಳಸಬಹುದಾದ ಎತ್ತರ ಸುಮಾರು 3,000 ಮೀಟರ್ ಎಂದೇ ನಮೂದಾಗಿರುತ್ತದೆ, ತಾಬೊ ಬರುವ ಹೊತ್ತಿಗೇ ನೀವು ಅದನ್ನು ದಾಟಿರುತ್ತೀರಿ. ಎಸ್‌ಎಸ್‌ಡಿ ತನ್ನಿ, ಅದೂ ಇಲ್ಲದಿದ್ದರೆ ಕಾರ್ಡುಗಳನ್ನೇ ಹೆಚ್ಚು ತಂದು ಊರು ಮುಟ್ಟುವವರೆಗೆ ಒಂದನ್ನೂ ಅಳಿಸಬೇಡಿ.